ಮೆಡಿಕೇಡ್ ಕಡಿತವಾದರೆ ಅಮೆರಿಕದ ಆಸ್ಪತ್ರೆಗಳಿಗೇನು ನಷ್ಟ?

"ವಿಮೆ ಹೋಗೋದು ಬಡವರದ್ದು, ಆಸ್ಪತ್ರೆಯವರು ಯಾಕೆ ಬೊಬ್ಬೆ ಹೊಡೀತಿದ್ದಾರೆ?" ಅಂತ ಕೇಳಿದ್ದೀರಿ. ಮೆಡಿಕೇಡ್ ಅಂದರೆ ಅಲ್ಲಿನ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ನಾನು ಡಾಕ್ಟರಲ್ಲ. ಬೆಂಗಳೂರಲ್ಲಿ ಕೂತು, ರಾತ್ರಿ ಪಾಳಿಯಲ್ಲಿ ಅಲ್ಲಿನ ಆಸ್ಪತ್ರೆಗಳ ಬಾಕಿ ಬಿಲ್ಲಿನ ಬೆನ್ನು ಹತ್ತುವ ಎ.ಆರ್. ಕಾಲರ್. ಒಂಬತ್ತು ವರ್ಷವಾಯ್ತು. ದುಡ್ಡಿನ ಕಡೆಯಿಂದ ಕಂಡದ್ದನ್ನಷ್ಟೇ ಹೇಳ್ತೀನಿ.

ಅಲ್ಲಿ 1986ರ ಒಂದು ಕಾನೂನಿದೆ. ಎಮರ್ಜೆನ್ಸಿಗೆ ಬಂದವರನ್ನು, ದುಡ್ಡಿರಲಿ ಇಲ್ಲದಿರಲಿ, ಪರೀಕ್ಷೆ ಮಾಡಿ ಅಪಾಯದಿಂದ ಪಾರು ಮಾಡಲೇಬೇಕು. ಹಾಗಾಗಿ ಮೆಡಿಕೇಡ್ ಕಾರ್ಡು ರದ್ದಾದರೂ ರೋಗಿ ಬರೋದು ನಿಲ್ಲಲ್ಲ. ಬಿಲ್ಲಿಗೆ ಮಾತ್ರ ದಿಕ್ಕಿಲ್ಲದಂತಾಗುತ್ತೆ.

ಇದರ ರುಚಿ 2023ರಲ್ಲೇ ನೋಡಿದ್ದೀವಿ. ಕೋವಿಡ್ ಕಾಲದಲ್ಲಿ ಯಾರ ಮೆಡಿಕೇಡನ್ನೂ ತೆಗೆಯಬಾರದು ಅಂತಿದ್ದ ನಿಯಮ ಮಾರ್ಚ್ ಕೊನೆಗೆ ಮುಗೀತು. ಮುಂದೆ ಎರಡೂವರೆ ಕೋಟಿಗೂ ಹೆಚ್ಚು ಜನರ ಹೆಸರು ಹೋಯ್ತು. ಅದರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಜನ ಅನರ್ಹರು ಅಂತ ತೀರ್ಮಾನವಾಗಿ ಹೋದವರಲ್ಲ. ಫಾರಂ ತಲುಪಲಿಲ್ಲ, ತುಂಬಲಿಲ್ಲ, ಅಷ್ಟೇ. ನಮ್ಮ ಸ್ಕ್ರೀನಿನ ಮೇಲೆ ಅದು ಬಂದದ್ದು ಡಿನೈಯಲ್ ಕೋಡ್ (ವಿಮೆ ದುಡ್ಡು ಕೊಡಲ್ಲ ಅನ್ನೋದಕ್ಕೆ ಕಾರಣ ಹೇಳುವ ಸಂಖ್ಯೆ) 27 ಆಗಿ: ಕವರೇಜ್ ಮುಗಿದ ಮೇಲಿನ ಖರ್ಚು. ದಿನಕ್ಕೆ ನಾಲ್ಕೋ ಐದೋ ಇರುತ್ತಿದ್ದವು, ಶೀಟು ತುಂಬ ಅದೇ ಆಯ್ತು.

ಒಂದು ಕ್ಲೇಮು ಇನ್ನೂ ನೆನಪಿದೆ. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಬಂದವರು, ಆರು ದಿನ ಅಡ್ಮಿಟ್. ನವೀಕರಣದ ಪತ್ರ ಹಳೇ ಬಾಡಿಗೆ ಮನೆಗೆ ಹೋಗಿತ್ತು. ಅವರು ದಾಖಲಾದದ್ದು ಸೆಪ್ಟೆಂಬರಲ್ಲಿ, ವಿಮೆ ಅರ್ಜಿಗೆ ನೆರವಾಗುವ ಆಸ್ಪತ್ರೆಯ ಸಿಬ್ಬಂದಿ ಹುಡುಕಿ ಹಿಡಿದು ಮತ್ತೆ ಅರ್ಜಿ ಹಾಕಿಸಿದ್ದು ನವೆಂಬರಲ್ಲಿ. ಅರ್ಜಿಗೆ ಹಿಂದಿನ ಮೂರು ತಿಂಗಳ ಖರ್ಚೂ ಮೆಡಿಕೇಡಿಗೆ ಸೇರುತ್ತಿದ್ದದ್ದರಿಂದ ಫೆಬ್ರವರಿಗೆ ದುಡ್ಡು ಬಂತು. ಅವತ್ತು ಟೀಮಿಗೆಲ್ಲ ಸಮೋಸ ತರಿಸಿದ್ದೆ.

2025ರ ಜುಲೈ 4ರಂದು ಸಹಿಯಾದ ಕಾಯ್ದೆ ಈ ಮೂರು ತಿಂಗಳಿಗೇ ಕತ್ತರಿ ಹಾಕಿದೆ. 2027ರ ಜನವರಿಯಿಂದ, ಒಬಾಮಾ ಕಾಲದಲ್ಲಿ ಮೆಡಿಕೇಡಿಗೆ ಹೊಸದಾಗಿ ಸೇರಿದ ವರ್ಗದ ವಯಸ್ಕರಿಗೆ ಹಿಂದಿನ ಒಂದು ತಿಂಗಳು, ಉಳಿದವರಿಗೆ ಎರಡು. ಅದೇ ಮನುಷ್ಯ ಈ ಹೊಸ ವರ್ಗದವರಾಗಿದ್ದು ಅದೇ ನವೆಂಬರಲ್ಲಿ ಅರ್ಜಿ ಹಾಕಿದರೆ ಅಕ್ಟೋಬರಿನದ್ದು ಮಾತ್ರ ಸಿಗುತ್ತೆ. ಸೆಪ್ಟೆಂಬರಿನ ಆರು ದಿನ ಆಸ್ಪತ್ರೆಯ ತಲೆಗೆ. ಪೇಪರಿನವರು ಅದೇ ಕಾಯ್ದೆ ತಂದ, ಮೆಡಿಕೇಡ್ ಬೇಕಾದರೆ ತಿಂಗಳಿಗೆ 80 ಗಂಟೆ ಕೆಲಸ ಮಾಡಬೇಕೆಂಬ ಷರತ್ತಿನ ಬಗ್ಗೆಯೇ ಬರೀತಾರೆ. ಅದೂ ಸಣ್ಣದಲ್ಲ, ಆರ್ಕನ್ಸಾ ರಾಜ್ಯದಲ್ಲಿ 2018ರಲ್ಲಿ ಇಂಥದ್ದೇ ಷರತ್ತು ತಂದಾಗ ಕೆಲವೇ ತಿಂಗಳಲ್ಲಿ 18,000 ಜನ ಹೊರಗೆ ಬಿದ್ದರು. ಆದರೆ ಬಿಲ್ಲಿಂಗಿನವರನ್ನು ಕೇಳಿದರೆ ಈ ಹಿಂದಿನ ತಿಂಗಳ ವಿಷಯವೇ ಹೆಚ್ಚು ಕಚ್ಚೋದು ಅಂತಾರೆ.

ಇನ್ನು ನಷ್ಟ ತುಂಬಿಕೊಳ್ಳೋದು ಎಲ್ಲಿಂದ? ಎಮರ್ಜೆನ್ಸಿಗೆ ಬೀಗ ಹಾಕೋಕಾಗಲ್ಲ, ರಾತ್ರಿಯಿಡೀ ಡಾಕ್ಟರು ನರ್ಸು ಇರಲೇಬೇಕು. ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಮೊದಲು ಮುಚ್ಚೋದು ಹೆರಿಗೆ ವಾರ್ಡು. ಆ ದೇಶದ ಹತ್ತರಲ್ಲಿ ನಾಲ್ಕು ಹೆರಿಗೆಯ ಖರ್ಚು ಮೆಡಿಕೇಡಿಂದಲೇ ಬರೋದು, ಅದರ ದರವೂ ಕಮ್ಮಿ. ಹೆರಿಗೆ ಇರಲಿ ಇಲ್ಲದಿರಲಿ ಅರಿವಳಿಕೆ ಡಾಕ್ಟರಿಗೆ ಸಂಬಳ ಕೊಡಬೇಕು. ನಾವು ಬಿಲ್ಲು ನೋಡುತ್ತಿದ್ದ ಒಂದು ಸಣ್ಣ ಆಸ್ಪತ್ರೆಯಿಂದ ಹೆರಿಗೆ ಕ್ಲೇಮುಗಳು ಒಂದು ತಿಂಗಳು ಇದ್ದಕ್ಕಿದ್ದಂತೆ ನಿಂತವು. ಫೈಲು ಕಳಿಸೋದು ಮರೆತರೇನೋ ಅಂತ ಮೇಲ್ ಹಾಕಿದೆ. "ವಾರ್ಡೇ ಇಲ್ಲ" ಅಂತ ಉತ್ತರ. ವಾರ್ಡಿಲ್ಲ ಅಂದಮೇಲೆ ದುಬಾರಿ ಖಾಸಗಿ ವಿಮೆ ಇರುವ ಗರ್ಭಿಣಿಯೂ ಮುಂದಿನ ಊರಿಗೆ ಗಾಡಿ ಓಡಿಸಬೇಕು.

ಸರ್ಕಾರ ಗ್ರಾಮೀಣ ಆರೋಗ್ಯಕ್ಕೆ ಅಂತ ಐದು ವರ್ಷಕ್ಕೆ 5,000 ಕೋಟಿ ಡಾಲರ್ ಇಟ್ಟಿದೆಯಲ್ಲ ಅಂತ ನೀವು ಕೇಳಬಹುದು. ಇಟ್ಟಿದೆ. ಆದರೆ ಇದೇ ಕಾಯ್ದೆಯಿಂದ ಹತ್ತು ವರ್ಷದಲ್ಲಿ ಮೆಡಿಕೇಡಿಂದ ಕಡಿತವಾಗೋದು 90,000 ಕೋಟಿ ಡಾಲರಿಗೂ ಹೆಚ್ಚು ಅಂತ ಅವರದೇ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜು.