ಓದುಗರ ಪ್ರಶ್ನೆ: ನಾಟಕ ನೋಡುವವರ ಸುಖ, ಸಂಕಟ

ಪ್ರಶ್ನೆ: ನಾಟಕವೆಂದರೆ ನನಗೆ ಪ್ರಾಣ. ಆದರೆ ಇತ್ತೀಚೆಗೆ ರಂಗಮಂದಿರದಿಂದ ಹೊರಬರುವಾಗ ನಾಟಕಕ್ಕಿಂತ ಪಕ್ಕದವರ ಮೊಬೈಲಿನ ಬೆಳಕು, ಹಿಂದಿನ ಸಾಲಿನ ಪಿಸುಮಾತುಗಳೇ ನೆನಪಿನಲ್ಲಿ ಉಳಿಯುತ್ತವೆ. ಹೀಗಿರುವಾಗ ಮನೆಯಲ್ಲಿ ಕುಳಿತು ನಾಟಕದ ವಿಡಿಯೋ ನೋಡುವುದೇ ಮೇಲಲ್ಲವೆ?

ಉತ್ತರ: ನಿಮ್ಮ ಬೇಸರ ನನಗೂ ಪರಿಚಿತವಾದದ್ದೇ, ಅದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾರೆ. ಕಣ್ಣು ಕತ್ತಲಿಗೆ ಪೂರ್ತಿಯಾಗಿ ಒಗ್ಗಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹಾಗೆ ಒಗ್ಗಿದ ಕಣ್ಣಿನೆದುರು, ಮಂದ ಬೆಳಕಿನ ದೃಶ್ಯವೊಂದು ನಡೆಯುತ್ತಿರುವಾಗ, ಎರಡು ಸಾಲು ಮುಂದೆ ಮೊಬೈಲಿನ ಪರದೆ ಬೆಳಗಿತೆಂದರೆ ನೋಟ ನಮ್ಮನ್ನು ಕೇಳದೆಯೇ ಅತ್ತ ಹರಿಯುತ್ತದೆ. ಸದ್ದು ಬಾರದಂತೆ ಮಾಡಿದ್ದೇನಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಒಂದನ್ನು ಮರೆಯುತ್ತಾರೆ: ಮುಂದಿನ ಸಾಲುಗಳಲ್ಲಿ ಹೀಗೆ ಕೆಳಗಿನಿಂದ ಬೆಳಗಿದ ಮುಖ ವೇದಿಕೆಯ ಮೇಲಿರುವ ನಟನಿಗೂ ಕಾಣುತ್ತದೆ, ಅದು ತನ್ನತ್ತ ನೋಡುತ್ತಿಲ್ಲವೆಂಬುದೂ ಕಾಣುತ್ತದೆ.

ಪ್ರೇಕ್ಷಕರ ಕಡೆಯ ದೀಪ ಆರಿಸುವ ರೂಢಿ ತೀರಾ ಹಳೆಯದೇನಲ್ಲ. ಯುರೋಪಿನ ರಂಗಮಂದಿರಗಳಲ್ಲಿ ಬಹುಕಾಲ ಸಭಾಂಗಣದ ದೀಪಗಳೂ ಉರಿಯುತ್ತಲೇ ಇದ್ದವು; ಜನ ನಾಟಕವನ್ನು ನೋಡುವಷ್ಟೇ ಆಸಕ್ತಿಯಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದರು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ತನ್ನ ರಂಗಮಂದಿರವನ್ನು ತೆರೆದ ಸಂಗೀತಕಾರ ರಿಚರ್ಡ್ ವಾಗ್ನರ್ ಸಭಾಂಗಣವನ್ನು ಕತ್ತಲಾಗಿಸಿ, ವಾದ್ಯಗಾರರನ್ನೂ ಕಣ್ಣಿಗೆ ಬೀಳದಂತೆ ಕೂರಿಸಿದ. ಮುಂದೆ ವಿದ್ಯುದ್ದೀಪಗಳು ಬಂದ ಮೇಲೆ ಕತ್ತಲನ್ನು ತರುವುದು ಎಲ್ಲರಿಗೂ ಸುಲಭವಾಯಿತು. ಮೊಬೈಲು ಬೆಳಗಿದಾಗ ಕೆಡುವುದು ಹೀಗೆ ಬೇಕೆಂದೇ ತಂದುಕೊಂಡ ಕತ್ತಲು.

ಇನ್ನು ವಿಡಿಯೋ ವಿಚಾರ. ಹಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ನಾಟಕದಲ್ಲಿ, ಮಗನನ್ನು ಕಳೆದುಕೊಂಡ ತಾಯಿ ಅವನ ಹೊದಿಕೆಯನ್ನು ಮಡಿಸುವ ದೃಶ್ಯವಿತ್ತು. ಮಾತಿರಲಿಲ್ಲ. ಬಟ್ಟೆ ಬಟ್ಟೆಗೆ ತಾಗುವ ಸದ್ದು ಆರನೆಯ ಸಾಲಿನಲ್ಲಿದ್ದ ನನಗೆ ಕೇಳಿಸುವಷ್ಟು ಮೌನ. ಮೂರನೆಯ ಮಡಿಕೆಯ ಹೊತ್ತಿಗೆ ಯಾರದೋ ಫೋನು ಬಡಿದುಕೊಂಡಿತು. ಆ ನಟಿ ಗಾಬರಿಯಾಗಲಿಲ್ಲ, ಅವಸರಪಡಲೂ ಇಲ್ಲ. ಹೊದಿಕೆಯ ಎರಡು ಅಂಚುಗಳನ್ನು ಹಾಗೆಯೇ ಹಿಡಿದು, ಸದ್ದು ಅಡಗುವವರೆಗೆ ನಿಂತು, ಆಮೇಲೆ ನಿಧಾನವಾಗಿ ಕೊನೆಯ ಮಡಿಕೆ ಹಾಕಿದಳು. ಮರಳಿ ಬಂದ ಮೌನ ಮೊದಲಿನದಕ್ಕಿಂತ ಗಾಢವಾಗಿತ್ತು, ಏಕೆಂದರೆ ಈಗ ಅದನ್ನು ಸಭಾಂಗಣದಲ್ಲಿದ್ದ ಪ್ರತಿಯೊಬ್ಬರೂ ಪ್ರಯತ್ನಪಟ್ಟು ಕಾಪಾಡುತ್ತಿದ್ದರು. ಆ ನಾಟಕದ ವಿಡಿಯೋ ಇದ್ದರೂ ಅದರಲ್ಲಿ ಇದು ಸಿಗದು. ಅಲ್ಲಿ ಎಲ್ಲಿ ನೋಡಬೇಕೆಂಬುದನ್ನು ಕ್ಯಾಮೆರಾ ನಿರ್ಧರಿಸುತ್ತದೆ, ನಮ್ಮ ಮೌನವಾಗಲಿ ನಗುವಾಗಲಿ ನಟರಿಗೆ ತಲುಪುವುದಿಲ್ಲ. ನಮ್ಮನ್ನು ಕಾಡುವ ಆ ಜನರೇ ನಮ್ಮ ಜೊತೆಗೆ ಉಸಿರು ಬಿಗಿಹಿಡಿಯುವವರೂ ಆಗಿರುವುದರಿಂದ, ಅವರಿಲ್ಲದ ನಾಟಕವನ್ನು ಬಯಸಲು ನನಗೆ ಮನಸ್ಸು ಬಾರದು.

ಹಾಗೆಂದು ಎಲ್ಲವನ್ನೂ ಸಹಿಸಬೇಕಾಗಿಲ್ಲ. ದೃಶ್ಯದ ನಡುವೆ ಗದರಿಸಿದರೆ ಇನ್ನಷ್ಟು ಜನರ ಗಮನ ಕೆಡುತ್ತದೆ. ವಿರಾಮದಲ್ಲಿ ಅವರ ಬಳಿ ಹೋಗಿ, "ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ದಯವಿಟ್ಟು ಫೋನು ಒಳಗಿಡುವಿರಾ?" ಎಂದು ಮೆಲ್ಲಗೆ ಕೇಳಿ, ಹೆಚ್ಚಿನವರು ನಾಚಿಕೊಂಡು ಒಳಗಿಡುತ್ತಾರೆ. ಕೆಮ್ಮುವವರನ್ನು ಮಾತ್ರ ಕ್ಷಮಿಸಿಬಿಡಿ. ಕೆಮ್ಮನ್ನು ತಡೆಯಲು ಹೆಣಗುತ್ತಿರುವವರ ಪಾಡು ನಮ್ಮದಕ್ಕಿಂತ ಕಷ್ಟದ್ದು.

ಪ್ರಶ್ನೆ: ಮುಂದಿನ ಸಾಲಿನ ಟಿಕೆಟ್ಟೇ ಉತ್ತಮವೆ?

ಉತ್ತರ: ಯಾವಾಗಲೂ ಅಲ್ಲ. ಭರತನ ನಾಟ್ಯಶಾಸ್ತ್ರವು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗಾತ್ರದ ನಾಟ್ಯಗೃಹವನ್ನು ಮನುಷ್ಯರಿಗೆ ತಕ್ಕದ್ದೆಂದು ಹೇಳುತ್ತದೆ. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ತಿಳಿಯುವುದಿಲ್ಲ ಎಂಬುದು ಅದು ಕೊಡುವ ಕಾರಣ. ಉದ್ದದಲ್ಲಿ ಅರ್ಧ ಪ್ರೇಕ್ಷಕರದು. ಹಸ್ತಕ್ಕೆ ಒಂದೂವರೆ ಅಡಿಯಂತೆ ಹಿಡಿದರೆ ಕಟ್ಟಕಡೆಯವರೂ ವೇದಿಕೆಯಿಂದ ಸುಮಾರು 48 ಅಡಿಯೊಳಗೇ ಇರುತ್ತಾರೆ. ಇಂದಿಗೂ ಆ ಅಳತೆ ನನಗೆ ಸರಿಯೆನಿಸುತ್ತದೆ. ತೀರಾ ಮುಂದೆ ಕೂತರೆ ಕತ್ತು ನೋಯುತ್ತದೆ, ಎತ್ತರದ ವೇದಿಕೆಯಾದರೆ ನಟರ ಪಾದಗಳೇ ಕಾಣುವುದಿಲ್ಲ. ಮಾತು ಮುಖ್ಯವಾದ ನಾಟಕಕ್ಕೆ ಐದರಿಂದ ಎಂಟನೆಯ ಸಾಲಿನ ನಡುಭಾಗ ಒಳ್ಳೆಯದು. ಗುಂಪು ಚಲನೆ, ಕುಣಿತ ಹೆಚ್ಚಿರುವುದಕ್ಕೆ ಬಾಲ್ಕನಿಯ ಮೊದಲ ಸಾಲನ್ನೇ ನಾನು ಆರಿಸಿಕೊಳ್ಳುತ್ತೇನೆ, ಏಕೆಂದರೆ ನೆಲದ ಮೇಲೆ ನಿರ್ದೇಶಕರು ಬರೆದ ಚಿತ್ರ ಅಲ್ಲಿಂದ ಮಾತ್ರ ಪೂರ್ತಿ ಕಾಣುತ್ತದೆ.

ಪ್ರಶ್ನೆ: ನಾಟಕ ಹಿಡಿಸದಿದ್ದರೆ ನಡುವೆ ಎದ್ದು ಬರಬಹುದೆ?

ಉತ್ತರ: ಬರಬಹುದು, ವಿರಾಮದಲ್ಲಿ. ವಿರಾಮವಿಲ್ಲದಿದ್ದರೆ ದೃಶ್ಯ ಬದಲಾಗುವಾಗ ದೀಪ ಆರುವವರೆಗೆ ಕಾಯಿರಿ. ಹಾಗೆ ಕಾಯುತ್ತಿದ್ದಾಗಲೇ ನಾಟಕ ಹಿಡಿಸಿ ಕೊನೆಯವರೆಗೂ ಕುಳಿತದ್ದು ನನಗೆ ಎರಡು ಬಾರಿ ಆಗಿದೆ.