ನೆದರ್ಲೆಂಡ್ಸ್‌ನವರು ಹೆಲ್ಮೆಟ್ ಇಲ್ಲದೆಯೇ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತಾರಲ್ಲ, ನಮಗೇಕೆ ಬೇಕು?
ಅಲ್ಲಿ ಬಹುತೇಕರು ಬರಿತಲೆಯಲ್ಲೇ ಓಡಾಡುತ್ತಾರೆ, ನಿಜ. ಆದರೆ ಅವರನ್ನು ಕಾಯುತ್ತಿರುವುದು ರಸ್ತೆ. ಕಾರುಗಳಿಂದ ಬೇರ್ಪಟ್ಟ ಸೈಕಲ್ ಪಥ, ಬಡಾವಣೆಗಳಲ್ಲಿ ಗಂಟೆಗೆ 30 ಕಿ.ಮೀ. ವೇಗಮಿತಿ, ಸೈಕಲ್ ಸವಾರರನ್ನು ದಿನವೂ ಕಂಡು ಅಭ್ಯಾಸವಿರುವ ಚಾಲಕರು. 1970ರ ದಶಕದಲ್ಲಿ, ರಸ್ತೆಯಲ್ಲಿ ಮಕ್ಕಳು ಸಾಯುವುದನ್ನು ಸಹಿಸದೆ ಜನ ಬೀದಿಗಿಳಿದು ಹೋರಾಡಿದ್ದರ ಫಲವದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿನ ಪಕ್ಕದಲ್ಲೇ ಪೆಡಲ್ ತುಳಿಯುವವರಿಗೆ ಆ ರಕ್ಷಣೆ ಎಲ್ಲಿದೆ? ಹೆಲ್ಮೆಟ್ ಹಾಕಲೇಬೇಕು.

ಅದರ ಮಿತಿಯೂ ತಿಳಿದಿರಲಿ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ಪರೀಕ್ಷಿಸುತ್ತಾರೆ. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ವೇಗದ ಹೊಡೆತ. ಗುಂಡಿಗೆ ಸಿಕ್ಕಿ ಉರುಳಿದರೆ ತಲೆ ಉಳಿಸೀತು. ಲಾರಿ ಗುದ್ದಿದರೆ ಅದನ್ನೇ ನಂಬಬೇಡಿ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು, ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಒಳಗಿನ ಥರ್ಮೋಕೋಲ್ ಕುಗ್ಗಿದ ಮೇಲೆ ಎರಡನೆಯ ಹೊಡೆತವನ್ನು ತಾಳದು.