ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೈಬ್ರಿಡ್ ಕಾರಿನ ಬ್ಯಾಟರಿ ಮನೆಯಲ್ಲಿ ರಿಪೇರಿ ಆಗುತ್ತದೆಯೇ?

ಪ್ರಶ್ನೆ: ನಮ್ಮದು 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್. ಕೆಂಪು ತ್ರಿಕೋನದ ದೀಪ ಬಂದಿದೆ. ಸ್ಕ್ಯಾನರ್‌ನಲ್ಲಿ ಪಿ0ಎ80 ಎಂಬ, ಹೈಬ್ರಿಡ್ ಬ್ಯಾಟರಿ ಕೆಟ್ಟಿದೆ ಎನ್ನುವ ಕೋಡ್ ತೋರಿಸುತ್ತಿದೆ. ಇಡೀ ಬ್ಯಾಟರಿಯನ್ನೇ ಬದಲಿಸಬೇಕು ಎನ್ನುತ್ತಾರೆ. ಬಿಚ್ಚಿ ಸರಿಮಾಡಲು ದಾರಿಯಿದೆಯೇ? ವಿದ್ಯುತ್ ಕೆಲಸ ನನಗೆ ಸಾಕಷ್ಟು ಗೊತ್ತು.
— ಓದುಗರು, ಮೈಸೂರು

ಉತ್ತರ: ದಾರಿಯಿದೆ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ನೋಡಬೇಕಾದದ್ದು ಮೂರಿವೆ.

ಮೊದಲನೆಯದು ಡಿಕ್ಕಿಯಲ್ಲಿರುವ 12 ವೋಲ್ಟ್‌ನ ಸಣ್ಣ ಬ್ಯಾಟರಿ. ಅದು ಸೊರಗಿದ್ದರೆ ಸಂಬಂಧವಿಲ್ಲದ ಹತ್ತಾರು ಕೋಡ್‌ಗಳು ಒಟ್ಟಿಗೆ ಬರುತ್ತವೆ. ರಾತ್ರಿಯಿಡೀ ಬಿಟ್ಟ ಗಾಡಿಯಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಿ. ಎರಡನೆಯದು ದೊಡ್ಡ ಹೈಬ್ರಿಡ್ ಬ್ಯಾಟರಿಯ ಫ್ಯಾನ್. ಈ ಬ್ಯಾಟರಿಯನ್ನು ತಂಪಾಗಿಡುವುದು ಕಾರಿನೊಳಗಿನ ಗಾಳಿಯೇ. ಸೀಟಿನ ದೂಳು, ತಲೆಗೂದಲು, ನಾಯಿ ಕೂದಲು ಎಲ್ಲವೂ ಫ್ಯಾನಿನ ರೆಕ್ಕೆಗಳ ನಡುವೆ ದಪ್ಪ ಪದರವಾಗಿ ಕೂತಿರುತ್ತವೆ. ಬಿಚ್ಚಿ, ಒಣ ಬ್ರಷ್‌ನಿಂದ ಒಂದೊಂದೇ ರೆಕ್ಕೆ ಉಜ್ಜಿ. ಫ್ಯಾನ್ ಕಟ್ಟಿಕೊಂಡಿದ್ದರೆ ರಿಪೇರಿಯಾದ ಬ್ಯಾಟರಿಯೂ ಮತ್ತೆ ಅದೇ ಬಿಸಿಯಲ್ಲಿ ಸಾಯುತ್ತದೆ.

ಮೂರನೆಯದೇ ಮುಖ್ಯ: ಸ್ಕ್ಯಾನರ್‌ನ ಲೈವ್ ಡೇಟಾ, ಅಂದರೆ ಆ ಕ್ಷಣದ ಅಳತೆಗಳು. ಬಿಡದಿಯಲ್ಲಿ ಜೋಡಿಸಿದ ನಿಮ್ಮ ಕಾರಿನಲ್ಲಿರುವುದು ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ತಲಾ 7.2 ವೋಲ್ಟ್‌ನ 34 ಮಾಡ್ಯೂಲ್‌ಗಳು ಸಾಲಾಗಿ ಸೇರಿ ಒಟ್ಟು 244.8 ವೋಲ್ಟ್. ಪ್ರತಿ ಮಾಡ್ಯೂಲಿನೊಳಗೆ 6 ಸೆಲ್, ಸಾಮರ್ಥ್ಯ 6.5 ಆಂಪಿಯರ್-ಅವರ್. ಬ್ಯಾಟರಿಯ ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಎಂದು ಅಳೆಯುವುದರಿಂದ ನಿಮಗೆ 17 ಬ್ಲಾಕ್‌ಗಳ ವೋಲ್ಟೇಜ್ ಕಾಣುತ್ತದೆ. ನಿಂತ ಗಾಡಿಯಲ್ಲಿ ಅವನ್ನು ನೋಡಿ ಮೋಸಹೋಗಬೇಡಿ. ಆಗ ಎಲ್ಲವೂ ಆರೋಗ್ಯವಾಗಿಯೇ ಕಾಣುತ್ತವೆ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಯಾವ ಬ್ಲಾಕ್ ಕುಸಿಯುತ್ತದೆ ಎಂದು ಅವರಿಂದ ಬರೆಸಿ. ಉಳಿದ ಬ್ಲಾಕ್‌ಗಳಿಗಿಂತ 1.2 ವೋಲ್ಟ್ ಅಥವಾ ಹೆಚ್ಚು ಕೆಳಗೆ ಬಿದ್ದು, ಬ್ರೇಕ್ ಹಾಕಿದಾಗ ಅದೇ ಬ್ಲಾಕ್ ಎಲ್ಲರಿಗಿಂತ ಮೇಲೆ ಜಿಗಿದರೆ, ಅಲ್ಲೊಂದು ಸೆಲ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಒಂದರ ಬದಲು ಐದಾರು ಬ್ಲಾಕ್‌ಗಳು ಕುಸಿಯುತ್ತಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಬಿಚ್ಚುವ ಶ್ರಮಕ್ಕೆ ಫಲ ಕಡಿಮೆ.

ಇನ್ನು ಬಿಚ್ಚುವ ವಿಷಯ. 240 ವೋಲ್ಟ್ ಡಿಸಿ ಕರೆಂಟು ಮನೆಯ ಕರೆಂಟಿನಂತೆಯೇ ಜೀವ ತೆಗೆಯಬಲ್ಲದು. ಇಲ್ಲಿ ಟ್ರಿಪ್ ಆಗಿ ಕಾಪಾಡುವ ಸಾಧನವೂ ಇಲ್ಲ. ಕ್ಲಾಸ್ 0 ಎಂದು ಮುದ್ರಿಸಿರುವ ರಬ್ಬರ್ ಕೈಗವಸು ಬೇಕು, ಮೇಲೆ ಚರ್ಮದ್ದೊಂದು. ಹಾಕುವ ಮೊದಲು ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತುತ್ತಾ ಬನ್ನಿ. ಬೆರಳುಗಳು ಗಾಳಿ ತುಂಬಿ ಉಬ್ಬಿ ಹಾಗೆಯೇ ನಿಲ್ಲಬೇಕು. ಗಾಳಿ ಸೋರಿದರೆ ಆ ಗವಸು ಕಸಕ್ಕೆ. ಉಂಗುರ, ವಾಚು, ಕತ್ತಿನ ಸರ ತೆಗೆದಿಡಿ. ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಇಳಿಯಬೇಡಿ.

ಗಾಡಿ ಆಫ್ ಮಾಡಿ, ಸ್ಮಾರ್ಟ್ ಕೀ ದೂರ ಇಡಿ, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಕಳಚಿ, ಆಮೇಲೆ ಕಿತ್ತಳೆ ಹಿಡಿಕೆಯ ಸರ್ವಿಸ್ ಪ್ಲಗ್ ಎಳೆದು ಜೇಬಿನಲ್ಲಿಟ್ಟುಕೊಳ್ಳಿ. ಬೇರೆಯವರು ತಿಳಿಯದೆ ಹಾಕಿಬಿಡಬಾರದು. ಇನ್ವರ್ಟರ್‌ನ ಕೆಪಾಸಿಟರ್ ಖಾಲಿಯಾಗಲು 10 ನಿಮಿಷ ಕಾಯಿರಿ. ಬ್ಯಾಟರಿಯಿಂದ ಹೊರಬರುವ ದಪ್ಪ ತಂತಿಗಳ ನಡುವೆ, 600 ವೋಲ್ಟ್ ಕ್ಯಾಟ್ 3 ದರ್ಜೆಯ ಮೀಟರಿನಲ್ಲಿ ಸೊನ್ನೆ ಬಂದದ್ದನ್ನು ನೋಡಿಯೇ ಮುಂದುವರಿಯಿರಿ. ಆದರೂ ಒಂದು ಮಾತು: ಪ್ಲಗ್ ತೆಗೆದಾಗ ಸರಣಿ ತುಂಡಾಗುತ್ತದೆ ಅಷ್ಟೇ, ಪೆಟ್ಟಿಗೆಯೊಳಗಿನ ಮಾಡ್ಯೂಲ್‌ಗಳಲ್ಲಿ 100 ವೋಲ್ಟ್‌ಗೂ ಮೀರಿದ ಜೀವ ಹಾಗೆಯೇ ಇರುತ್ತದೆ. ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳನ್ನೆಲ್ಲ ಬಿಚ್ಚಿ ಮುಗಿಯುವ ತನಕ ಗವಸು ಕೈಯಲ್ಲೇ ಇರಲಿ. ಸಾಕೆಟ್ ಸ್ಪ್ಯಾನರಿನ ಹಿಡಿಕೆಗೂ ಇನ್ಸುಲೇಷನ್ ಟೇಪ್ ಸುತ್ತಿ.

ಆ ತಾಮ್ರದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಅಥವಾ ಕಪ್ಪು ಕಿಲುಬು ಹಿಡಿದಿದ್ದರೆ, ಕೋಡ್‌ಗೆ ಕಾರಣ ಅದೇ ಇದ್ದೀತು. ವಿನಿಗರ್‌ಗೆ ಸ್ವಲ್ಪ ಉಪ್ಪು ಸೇರಿಸಿ ನೆನೆಸಿ, 600 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ವೋಲ್ಟೇಜ್ ಅಳೆಯುವ ಸಣ್ಣ ತಂತಿಗಳ ಉಂಗುರಗಳನ್ನೂ ಬಿಡಬೇಡಿ. ಅವುಗಳ ಕಿಲುಬಿನಿಂದ ಕಂಪ್ಯೂಟರಿಗೆ ತಪ್ಪು ಓದು ಹೋಗಿ, ಚೆನ್ನಾಗಿರುವ ಮಾಡ್ಯೂಲ್ ಮೇಲೆ ದೂರು ಬರುತ್ತದೆ.

ಮಾಡ್ಯೂಲ್ ಒಂದೊಂದಕ್ಕೂ ಮಾರ್ಕರಿನಲ್ಲಿ ನಂಬರ್ ಬರೆದು, ಲೋಡ್ ಪರೀಕ್ಷೆ ಮಾಡಿ. 12 ವೋಲ್ಟ್, 55 ವ್ಯಾಟ್‌ನ ಎರಡು ಹೆಡ್‌ಲೈಟ್ ಬಲ್ಬ್‌ಗಳನ್ನು ಸಮಾಂತರವಾಗಿ ಜೋಡಿಸಿ, ಎರಡು ನಿಮಿಷ ಉರಿಸಿ. ಶುರುವಿನ ವೋಲ್ಟೇಜ್, ಎರಡು ನಿಮಿಷದ ಕೊನೆಯದು, ಬಲ್ಬ್ ತೆಗೆದ ಒಂದು ನಿಮಿಷದ ನಂತರದ್ದು, ಮೂರನ್ನೂ ಬರೆಯಿರಿ. ಒಳ್ಳೆಯ ಮಾಡ್ಯೂಲ್ ತುಸು ಇಳಿದು ಅಲ್ಲೇ ನಿಲ್ಲುತ್ತದೆ. ಕೆಟ್ಟದ್ದು ಎಲ್ಲೋ ಒಂದು ಕಡೆ ಥಟ್ಟನೆ ಒಂದು ವೋಲ್ಟ್‌ಗೂ ಹೆಚ್ಚು ಕುಸಿಯುತ್ತದೆ. ಬದಿ ಉಬ್ಬಿದ್ದು, ತಂತಿಯ ಬುಡದಲ್ಲಿ ಬಿಳಿ ಪುಡಿ ಕಟ್ಟಿದ್ದು ಕಂಡರೆ ಪರೀಕ್ಷೆಯೂ ಬೇಡ, ಪಕ್ಕಕ್ಕಿಡಿ.

ಪ್ರಶ್ನೆ: ಮಾಡ್ಯೂಲ್‌ಗಳನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿದರೆ ಜೀವ ಬರುತ್ತದೆ ಎಂದು ಕೇಳಿದ್ದೇನೆ. ನನ್ನ ಗ್ಯಾರೇಜಿನಲ್ಲಿ ಇದನ್ನು ಮಾಡಬೇಕೆಂದಿದ್ದೇನೆ. ಯಾವ ಚಾರ್ಜರ್, ಎಷ್ಟು ಆಂಪಿಯರ್, ಎಷ್ಟು ದಿನ?
— ಗ್ಯಾರೇಜ್ ಮಾಲೀಕರು, ಹುಬ್ಬಳ್ಳಿ

ಉತ್ತರ: ಕಾರು ಈ ಬ್ಯಾಟರಿಯನ್ನು ಎಂದೂ ಪೂರ್ತಿ ತುಂಬುವುದಿಲ್ಲ, ಪೂರ್ತಿ ಖಾಲಿಯೂ ಮಾಡುವುದಿಲ್ಲ, ನಡುವಿನ ಒಂದು ಪಟ್ಟಿಯಲ್ಲೇ ವರ್ಷಗಟ್ಟಲೆ ಆಡಿಸುತ್ತದೆ. ಇದರಿಂದ ಸೆಲ್‌ಗಳ ನಡುವೆ ಚಾರ್ಜಿನ ಏರುಪೇರು ಬೆಳೆಯುತ್ತದೆ, ಸಾಮರ್ಥ್ಯದ ಒಂದು ಪಾಲು ಬಳಕೆಗೆ ಸಿಗದೆ ಮಲಗುತ್ತದೆ. ಖಾಲಿ ಮಾಡಿ ತುಂಬುವುದರಿಂದ ವಾಪಸ್ ಬರುವುದು ಆ ಪಾಲು ಮಾತ್ರ. ಒಳಗಿನ ದ್ರಾವಣ ಒಣಗಿದ ಸೆಲ್, ಒಳಗೇ ಶಾರ್ಟ್ ಆದ ಸೆಲ್ ಯಾವ ಚಾರ್ಜರಿನಿಂದಲೂ ಏಳುವುದಿಲ್ಲ. ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡಿ.

ಆಟಿಕೆ ವಿಮಾನದ ಹವ್ಯಾಸಿಗಳು ಬಳಸುವ, ನಿಕ್ಕಲ್ ಮೆಟಲ್ ಹೈಡ್ರೈಡ್ ಆಯ್ಕೆಯಿರುವ ಬಿ6 ಮಾದರಿಯ ಚಾರ್ಜರ್ ಸಾಕು. ಚಾರ್ಜ್ 5 ಆಂಪಿಯರ್, ಪ್ರತಿ ಸೆಲ್‌ಗೆ 5 ಮಿಲಿವೋಲ್ಟ್ ಇಳಿದಾಗ ನಿಲ್ಲುವಂತೆ, ಮೇಲ್ಮಿತಿ 7200 ಮಿಲಿಆಂಪಿಯರ್-ಅವರ್. ನಿಧಾನವಾಗಿ ತುಂಬಿದರೆ ಒಳ್ಳೆಯದೆಂದು 1 ಆಂಪಿಯರ್ ಇಟ್ಟರೆ ಕೆಡುತ್ತದೆ. ಬ್ಯಾಟರಿ ತುಂಬಿದಾಗ ಆಗುವ ಆ ಸಣ್ಣ ಇಳಿತ ಕಡಿಮೆ ಕರೆಂಟಿನಲ್ಲಿ ಚಾರ್ಜರಿನ ಕಣ್ಣಿಗೆ ಬೀಳದೆ, ಅದು ತುಂಬುತ್ತಲೇ ಹೋಗುತ್ತದೆ. ಮಾಡ್ಯೂಲಿನ ಮೈಗೆ ಥರ್ಮಾಮೀಟರ್ ಅಂಟಿಸಿ. 45 ಡಿಗ್ರಿ ಮುಟ್ಟಿದರೆ ಕೈಯಾರೆ ನಿಲ್ಲಿಸಿ. ಟೇಬಲ್ ಫ್ಯಾನ್ ಸದಾ ಓಡುತ್ತಿರಲಿ, ಕಿಟಕಿ ತೆರೆದಿರಲಿ. ಅತಿಯಾಗಿ ತುಂಬಿದರೆ ಜಲಜನಕ ಹೊರಬರುತ್ತದೆ.

ಮಾಡ್ಯೂಲ್‌ಗಳನ್ನು ಬಿಡಿಯಾಗಿ ಮೇಜಿನ ಮೇಲೆ ಇಟ್ಟು ಚಾರ್ಜ್ ಮಾಡಲೇಬೇಡಿ. ಎರಡೂ ತುದಿಯ ಕಬ್ಬಿಣದ ತಟ್ಟೆಗಳ ನಡುವೆ ಬಿಗಿಯಾಗಿ ಕೂತಿದ್ದರೆ ಮಾತ್ರ ಅವು ಆಕಾರ ಉಳಿಸಿಕೊಳ್ಳುತ್ತವೆ. ಬಿಡಿಯಾಗಿ ತುಂಬಿದ ಮಾಡ್ಯೂಲ್ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಮತ್ತೆ ಪೆಟ್ಟಿಗೆಗೆ ಹಿಡಿಸುವುದಿಲ್ಲ.

ಖಾಲಿ ಮಾಡುವಾಗ 6.0 ವೋಲ್ಟ್‌ಗೆ ನಿಲ್ಲಿಸಿ ಎಂಬುದು ಎಲ್ಲೆಡೆ ಕೇಳುವ ಲೆಕ್ಕ. ಆ ಲೆಕ್ಕದಲ್ಲಿ ಒಂದು ಗುಂಡಿಯಿದೆ. ಐದು ಸೆಲ್‌ಗಳು ತಲಾ 1.2 ವೋಲ್ಟ್‌ನಲ್ಲಿದ್ದು ಆರನೆಯದು ಸೊನ್ನೆಯಾಗಿದ್ದರೂ ಮೀಟರ್ ತೋರಿಸುವುದು 6.0 ವೋಲ್ಟೇ. ಅಲ್ಲಿಂದ ಕೆಳಗೆ ಎಳೆದರೆ ಆ ಸೆಲ್ ಉಲ್ಟಾ ಚಾರ್ಜ್ ಆಗಿ ಶಾಶ್ವತವಾಗಿ ಸಾಯುತ್ತದೆ. ಹಾಗಾಗಿ ವೋಲ್ಟೇಜ್ ಒಮ್ಮೆಲೇ ಒಂದು ಮೆಟ್ಟಿಲು ಇಳಿದದ್ದು ಕಂಡ ಕೂಡಲೇ, 6.0 ಬರಲಿ ಬಿಡಲಿ, ಅಲ್ಲೇ ನಿಲ್ಲಿಸಿ ಆವರೆಗಿನ ಮಿಲಿಆಂಪಿಯರ್-ಅವರ್ ಬರೆದುಕೊಳ್ಳಿ. ಬಲ್ಬ್ ಕಟ್ಟಿ ಖಾಲಿ ಮಾಡಲು ಬಿಟ್ಟು ಮನೆಗೆ ಹೋಗುವುದಂತೂ ಬೇಡವೇ ಬೇಡ.

ಸಮಯದ ಲೆಕ್ಕ ನೋಡಿ. ಬಿ6 ಚಾರ್ಜರ್ ಖಾಲಿ ಮಾಡುವ ಶಕ್ತಿ ಬರೀ 5 ವ್ಯಾಟ್, ಅಂದರೆ ಸುಮಾರು 0.7 ಆಂಪಿಯರ್. 6.5 ಆಂಪಿಯರ್-ಅವರ್ ಇಳಿಸಲು 9 ಗಂಟೆ, ತುಂಬಲು ಒಂದೂವರೆ. ಮೂರು ಸುತ್ತಿಗೆ ಮಾಡ್ಯೂಲ್ ಒಂದಕ್ಕೆ 31 ಗಂಟೆಗೂ ಹೆಚ್ಚು. 34 ಮಾಡ್ಯೂಲ್‌ಗೆ ನಾಲ್ಕು ಚಾರ್ಜರ್ ಹಗಲಿರುಳು ಓಡಿದರೂ 11 ದಿನ. ಮೂರು ಸುತ್ತಿಗಿಂತ ಹೆಚ್ಚು ಮಾಡಿ ಸಿಗುವುದು ಅತ್ಯಲ್ಪ. ಮೂರನೆಯ ಸುತ್ತಿನಲ್ಲೂ 4000 ಮಿಲಿಆಂಪಿಯರ್-ಅವರ್ ದಾಟದ ಮಾಡ್ಯೂಲನ್ನು ತೆಗೆದುಹಾಕಿ.

ನಂತರ ಎಲ್ಲವನ್ನೂ ತುಂಬಿ ಒಂದು ವಾರ ಮುಟ್ಟದೆ ಇಡಿ. ಈ ಹಂತವನ್ನು ಬಹಳ ಮಂದಿ ಬಿಡುತ್ತಾರೆ, ಮತ್ತೆ ಕೋಡ್ ಬರುವುದೂ ಅಲ್ಲಿಂದಲೇ. ಸಾಮರ್ಥ್ಯ ಚೆನ್ನಾಗಿದ್ದೂ ಒಳಗೊಳಗೇ ಸೋರುವ ಸೆಲ್ ಸಿಕ್ಕಿಬೀಳುವುದು ಈ ವಾರದಲ್ಲಿ ಮಾತ್ರ. ಕೊನೆಗೆ ಎಲ್ಲವನ್ನೂ ಖಾಲಿ ಮಾಡಿ, ಪ್ರತಿಯೊಂದಕ್ಕೂ ಅಳೆದು 4000 ಮಿಲಿಆಂಪಿಯರ್-ಅವರ್ ತುಂಬಿ. ಈ ಜಾತಿಯ ಬ್ಯಾಟರಿಯಲ್ಲಿ ವೋಲ್ಟೇಜ್ ಸಮವಿದ್ದ ಮಾತ್ರಕ್ಕೆ ಚಾರ್ಜ್ ಸಮವಿರುವುದಿಲ್ಲ, ಅದಕ್ಕೇ ಈ ಅಳತೆ. ಜೋಡಿಸುವಾಗ ಬಲವಾದ ಮಾಡ್ಯೂಲ್‌ಗಳನ್ನು ನಡುವೆ ಇಡಿ, ಅತಿ ಬಿಸಿ ಅಲ್ಲಿಯೇ. ಪ್ಲಸ್-ಮೈನಸ್ ಒಂದು ಬಿಟ್ಟು ಒಂದು ತಿರುಗಿರಬೇಕು. ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ 5.4 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ತೋಳಿನ ಬಲ ತೋರಿಸಿದರೆ ಪ್ಲಾಸ್ಟಿಕ್ಕಿನಲ್ಲಿ ಕೂತ ಬೋಲ್ಟ್ ಸುತ್ತಿಕೊಂಡು ಮಾಡ್ಯೂಲೇ ಹೋಗುತ್ತದೆ. ಸರ್ವಿಸ್ ಪ್ಲಗ್‌ನ ಹಿಡಿಕೆಯನ್ನು ಕೊನೆಯವರೆಗೆ ಸರಿಸಿ ಕೂರಿಸಿ. ಅರ್ಧಕ್ಕೆ ನಿಂತರೆ ಗಾಡಿ ‘ರೆಡಿ’ ಆಗುವುದಿಲ್ಲ.

ಪ್ರಶ್ನೆ: ನನ್ನ 2010ರ ಪ್ರಿಯಸ್‌ನಲ್ಲಿ ಕೆಟ್ಟಿದ್ದ ಒಂದೇ ಮಾಡ್ಯೂಲ್ ಬದಲಿಸಿದೆ. ನಾಲ್ಕು ತಿಂಗಳಿಗೆ ಮತ್ತೆ ಅದೇ ಕೋಡ್, ಈ ಸಲ ಬೇರೆ ಬ್ಲಾಕ್. ತಪ್ಪು ಎಲ್ಲಾಯಿತು?
— ಕನ್ನಡಿಗ ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಕೆಲಸ ಅರ್ಧಕ್ಕೆ ನಿಂತಿತು, ಅಷ್ಟೇ. ನಿಮ್ಮ ಕಾರಿನ 28 ಮಾಡ್ಯೂಲ್‌ಗಳೂ ಒಂದೇ ವಯಸ್ಸಿನವು, ಒಂದೇ ಬಿಸಿ ಉಂಡವು. ಸಾಲಾಗಿ ಜೋಡಿಸಿರುವುದರಿಂದ ಎಲ್ಲದರ ಮೂಲಕ ಹರಿಯುವ ಕರೆಂಟ್ ಒಂದೇ. ಹೊಸದಾಗಿ ಬಂದ ಮಾಡ್ಯೂಲ್ ಮತ್ತು ಹಳೆಯವುಗಳ ಸಾಮರ್ಥ್ಯ, ಚಾರ್ಜ್ ಎರಡೂ ಬೇರೆಬೇರೆ. ಹಾಗಾಗಿ ದುರ್ಬಲವಾದವು ಇತರರಿಗಿಂತ ಮೊದಲು ಖಾಲಿಯಾಗಿ ಪೆಟ್ಟು ತಿನ್ನುತ್ತವೆ. ಈಗ ಇಡೀ ಪೆಟ್ಟಿಗೆಯನ್ನು ಮೇಲಿನ ಉತ್ತರದಂತೆ ಪರೀಕ್ಷಿಸಿ, ಉಳಿದವುಗಳ ಸಾಮರ್ಥ್ಯದ ಶೇ 10ರೊಳಗೆ ಬರುವ ಮಾಡ್ಯೂಲನ್ನೇ ಹುಡುಕಿ ಹಾಕಿ. ಬಹಳ ಬಲವಾದದ್ದನ್ನು ಹಾಕಿಯೂ ಪ್ರಯೋಜನವಿಲ್ಲ. ಮೂರು ನಾಲ್ಕಕ್ಕಿಂತ ಹೆಚ್ಚು ಮಾಡ್ಯೂಲ್ ಅನುತ್ತೀರ್ಣವಾದರೆ ಹೊಸ ಬ್ಯಾಟರಿಗೆ ಹಣ ಹಾಕುವುದೇ ಸರಿ. ಮನೆಯ ರಿಪೇರಿ ಸಮಯ ಕೊಳ್ಳುತ್ತದೆ, ಹೊಸತನ ಕೊಡುವುದಿಲ್ಲ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ನಮ್ಮ ಹೈಬ್ರಿಡ್ ಕಾರಿನಲ್ಲಿ ಪಿ0ಎಎ6 ಕೋಡ್ ಬಂದು ಹೋಗಿ ಮಾಡುತ್ತಿದೆ. ಇದೂ ಮಾಡ್ಯೂಲ್ ದೋಷವೇ?
— ಓದುಗರು, ಮಂಗಳೂರು

ಉತ್ತರ: ಇದು ಬೇರೆ ಜಾತಿಯ ದೋಷ, ಹೆಚ್ಚು ಅಪಾಯದ್ದು. ಹೈವೋಲ್ಟೇಜ್ ತಂತಿಗೂ ಕಾರಿನ ಬಾಡಿಗೂ ನಡುವೆ ಎಲ್ಲೋ ಸೋರಿಕೆಯಿದೆ ಎಂದು ಅದರರ್ಥ. ಕೋಡಿನ ಜೊತೆ ಬರುವ ಉಪಸಂಖ್ಯೆಯನ್ನು ಓದಬಲ್ಲ ಸ್ಕ್ಯಾನರ್ ಬೇಕು. ಟೊಯೊಟಾ ಕಾರುಗಳಲ್ಲಿ 612 ಬಂದರೆ ಸೋರಿಕೆ ಬ್ಯಾಟರಿಯಲ್ಲಿ, 611 ಬಂದರೆ ಎಸಿ ಕಂಪ್ರೆಸರ್ ಕಡೆ, 613 ಬಂದರೆ ಗೇರ್‌ಬಾಕ್ಸ್ ಕಡೆ. 612 ಇದ್ದರೆ ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತಿದೆಯೇ ನೋಡಿ. ಒಣಗಿದ್ದರೆ, ಯಾವುದೋ ಮಾಡ್ಯೂಲಿನಿಂದ ದ್ರಾವಣ ಸೋರಿ ಪೆಟ್ಟಿಗೆಯ ತಳ ಮುಟ್ಟಿರಬಹುದು. ಕೆಂಪು ಲಿಟ್ಮಸ್ ಕಾಗದ ತಾಗಿಸಿ, ನೀಲಿಯಾದರೆ ಅದೇ. ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. 20 ಲೀಟರ್ ನೀರಿಗೆ 800 ಗ್ರಾಂ ಬೋರಿಕ್ ಆಸಿಡ್ ಕದಡಿ, ಅಥವಾ ವಿನಿಗರ್‌ನಿಂದ ಒರೆಸಿ, ಲಿಟ್ಮಸ್ ನೀಲಿಯಾಗದಿರುವವರೆಗೆ ಮುಂದುವರಿಸಬೇಕು. ಆದರೆ ಈ ಕೋಡ್ ಇರುವ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬೇಡಿ ಎಂಬುದೇ ನಮ್ಮ ಸಲಹೆ. ಬಾಡಿ ಮುಟ್ಟಿದರೆ ಏನೂ ಆಗದು ಎಂಬ ಭರವಸೆಯೇ ಇಲ್ಲಿ ತಪ್ಪಿಹೋಗಿರುತ್ತದೆ.

ಪ್ರಶ್ನೆ: ನಮ್ಮದು ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್. ಮುಂಜಾಗ್ರತೆಗೆ ಹೀಗೆ ಚಾರ್ಜ್ ಮಾಡಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ಖಂಡಿತ ಬೇಡ. ಅದರಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಗ್ರ್ಯಾಂಡ್ ವಿಟಾರಾ, ಸಿಟಿ ಹೈಬ್ರಿಡ್‌ಗಳಲ್ಲೂ ಅದೇ. ಸೆಲ್‌ಗೆ 1 ವೋಲ್ಟ್‌ವರೆಗೆ ಇಳಿಸುವ ಮೇಲಿನ ವಿಧಾನ ಲಿಥಿಯಂ ಸೆಲ್ಲನ್ನು ಕೊಲ್ಲುತ್ತದೆ, ಮತ್ತೆ ತುಂಬುವಾಗ ಬೆಂಕಿಗೂ ಕಾರಣವಾಗಬಹುದು. ಜೊತೆಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ, ಪೆಟ್ಟಿಗೆ ತೆರೆದರೆ ಅದೂ ಹೋಗುತ್ತದೆ. ನೀವು ಮಾಡಬೇಕಾದದ್ದು ಬ್ಯಾಟರಿಗೆ ಗಾಳಿ ಎಳೆದುಕೊಳ್ಳುವ ಜಾಲರಿಗೆ ಬ್ಯಾಗು, ಬಟ್ಟೆ ಅಡ್ಡ ಬರದಂತೆ ನೋಡಿಕೊಳ್ಳುವುದು, ಸರ್ವಿಸ್‌ನಲ್ಲಿ ಅದನ್ನು ಸ್ವಚ್ಛ ಮಾಡಿಸುವುದು.

ಪ್ರಶ್ನೆ: ತೆಗೆದುಹಾಕಿದ ಹಳೆಯ ಮಾಡ್ಯೂಲ್‌ಗಳನ್ನು ಗುಜರಿಗೆ ಹಾಕಬಹುದೇ?
— ಓದುಗರು, ತುಮಕೂರು

ಉತ್ತರ: ಬೇಡ. ಗುಜರಿಯವರು ಒಡೆದು ನಿಕ್ಕಲ್ ತೆಗೆಯಲು ಹೋಗಿ ಕೈ ಸುಟ್ಟುಕೊಳ್ಳುತ್ತಾರೆ, ದ್ರಾವಣ ಮೋರಿ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದ್ದು. ತುದಿಗಳಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದಂತೆ ರಟ್ಟು ಇಟ್ಟು, ಕಂಪನಿಯ ಸರ್ವಿಸ್ ಸೆಂಟರ್‌ಗೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ.